ನಾಪತ್ತೆ ಎಂಬ ಖಾತೆ: ಸರ್ಗೋಧಾದಿಂದ ಮರಳದ ಒಂದು ವಿಮಾನ

1965ರ ಸೆಪ್ಟೆಂಬರ್ 7ರ ಮುಂಜಾನೆ ಪಂಜಾಬಿನ ಆದಂಪುರ ವಾಯುನೆಲೆಯಿಂದ ಭಾರತದ ಯುದ್ಧವಿಮಾನಗಳ ಒಂದು ತಂಡ ಪಾಕಿಸ್ತಾನದ ಸರ್ಗೋಧಾ ಕಡೆಗೆ ಹಾರಿತು. ದಾಳಿ ಮುಗಿಸಿ ತಂಡ ಮರಳಿತು. ಒಂದು ವಿಮಾನ ಮಾತ್ರ ಮರಳಲಿಲ್ಲ. ಅದನ್ನು ಹಾರಿಸುತ್ತಿದ್ದವರು ನಮ್ಮ ರಾಜ್ಯದ ಕೊಡಗಿನವರಾದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಆಗ ಅವರಿಗೆ 32 ವರ್ಷ. ಅವರಿಗೆ ಏನಾಯಿತು ಎಂಬುದು ಭಾರತಕ್ಕೆ ತಿಳಿದದ್ದು 1979ರಲ್ಲಿ, ಅದೂ ಪಾಕಿಸ್ತಾನದ ವಾಯುಪಡೆಗಾಗಿ ಬರೆದ ಒಂದು ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅಂದರೆ 23 ವರ್ಷಗಳ ಮೇಲೆ.

2025ರ ಜನವರಿಯಲ್ಲಿ ಬಿಡುಗಡೆಯಾದ 'ಸ್ಕೈ ಫೋರ್ಸ್' ಎಂಬ ಹಿಂದಿ ಸಿನಿಮಾ ನಮ್ಮಲ್ಲಿ ಅನೇಕರು ನೋಡಿದ್ದೇವೆ. ಅದರ ಕಥೆಗೆ ಆಧಾರ ಇದೇ ಘಟನೆ. ಆದರೆ ಸಿನಿಮಾದಲ್ಲಿ ಪಾತ್ರದ ಹೆಸರು ಬೇರೆ. ಆದ್ದರಿಂದ ನೋಡಿದವರಿಗೂ ದೇವಯ್ಯನವರ ಹೆಸರು ಗೊತ್ತಿಲ್ಲ, ಅವರು ಕರ್ನಾಟಕದವರೆಂದೂ ಗೊತ್ತಿಲ್ಲ. ಭಾರತ-ಪಾಕಿಸ್ತಾನ ಯುದ್ಧದ ಮಾತು ಬಂದರೆ ನಮ್ಮ ಕಡೆಯ ಅನೇಕ ಮನೆಗಳಲ್ಲಿ ದೊಡ್ಡವರು ಟಿವಿಯ ದನಿ ತಗ್ಗಿಸುತ್ತಾರೆ, ವಿಷಯ ಬದಲಿಸುತ್ತಾರೆ. ಯಾಕೆ ಎಂದು ನಿಮಗೂ ಗೊತ್ತು. ಆದರೆ ಈ ಕಥೆಯನ್ನು ದನಿ ತಗ್ಗಿಸದೆ ಓದಬಹುದು ಎಂದು ನನಗೆ ಅನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಲೆಕ್ಕಶಾಸ್ತ್ರದಲ್ಲಿ ನಾವು ಕಲಿಯುವ ಮೊದಲ ಮಾತು, ಪ್ರತಿಯೊಂದು ವ್ಯವಹಾರಕ್ಕೂ ಎರಡು ಮುಖ ಇರುತ್ತವೆ ಎಂಬುದು. ನಮ್ಮ ಪುಸ್ತಕದಲ್ಲಿ ಒಂದು ಕಡೆ ಖಾಲಿ ಇದ್ದರೆ, ಆ ನಮೂದು ಇನ್ನೊಬ್ಬರ ಪುಸ್ತಕದಲ್ಲಿ ಇರಬಹುದು. ದೇವಯ್ಯನವರ ವಿಷಯದಲ್ಲಿ ಆದದ್ದು ಹೀಗೆಯೇ.

ವಿಮಾನ ಮರಳದಿದ್ದರೆ ಏನೇನು ಆಗಿರಬಹುದು?

ಯುದ್ಧಕ್ಕೆ ಹೋದ ವಿಮಾನ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ನೆಲದ ಮೇಲೆ ಕಾಯುವವರು ಮೊದಲು ನೋಡುವುದು ಗಡಿಯಾರವನ್ನು. ಪ್ರತಿ ವಿಮಾನದ ಇಂಧನ ಎಷ್ಟು ಹೊತ್ತು ಸಾಕಾಗುತ್ತದೆ ಎಂಬ ಲೆಕ್ಕ ಅವರ ಬಳಿ ಇರುತ್ತದೆ. ಆ ಹೊತ್ತು ದಾಟಿತೆಂದರೆ ವಿಮಾನ ಆಕಾಶದಲ್ಲಿ ಇರಲು ಸಾಧ್ಯವೇ ಇಲ್ಲ. ಎಲ್ಲೋ ಇಳಿದಿರಬೇಕು, ಇಲ್ಲವೇ ಬಿದ್ದಿರಬೇಕು.

ಆಗ ಮೂರು ಸಾಧ್ಯತೆ ಉಳಿಯುತ್ತವೆ. ಮೊದಲನೆಯದು ಬಲವಂತದ ಇಳಿತ. ಎಂಜಿನ್ ಕೆಟ್ಟೋ, ಇಂಧನ ಮುಗಿದೋ, ದಾರಿ ತಪ್ಪಿಯೋ ಪೈಲಟ್ ಕಂಡ ಜಾಗದಲ್ಲಿ ವಿಮಾನ ಇಳಿಸುವುದು. ಎರಡನೆಯದು ಜಿಗಿತ. ವಿಮಾನ ಉಳಿಯುವುದಿಲ್ಲ ಎಂದು ಖಚಿತವಾದಾಗ ಪೈಲಟ್ ಆಸನದ ಹಿಡಿಕೆ ಎಳೆಯುತ್ತಾರೆ, ಆಸನವೇ ಸ್ಫೋಟದ ಬಲದಿಂದ ಹೊರಕ್ಕೆ ಚಿಮ್ಮುತ್ತದೆ, ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ಮೂರನೆಯದು ವಿಮಾನದ ಜೊತೆಗೇ ಬೀಳುವುದು. ಮೊದಲ ಎರಡರಲ್ಲಿ ಶತ್ರು ನೆಲದ ಮೇಲೆ ಇಳಿದವರು ಯುದ್ಧಕೈದಿ ಆಗುತ್ತಾರೆ. ಮೂರನೆಯದರಲ್ಲಿ ಹುತಾತ್ಮರಾಗುತ್ತಾರೆ.

ಆದರೆ ಈ ಮೂರರಲ್ಲಿ ಯಾವುದು ಆಯಿತು ಎಂದು ಹೇಳಲು ಯಾರಾದರೂ ನೋಡಿರಬೇಕು. ನೋಡಿದವರು ಶತ್ರು ದೇಶದವರು ಮಾತ್ರ ಆಗಿದ್ದರೆ, ಅವರು ಹೇಳುವವರೆಗೆ ಇಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ. 1965ರ ಸೆಪ್ಟೆಂಬರ್ ತಿಂಗಳೊಂದರಲ್ಲೇ ಈ ಮೂರಕ್ಕೂ ಉದಾಹರಣೆ ಸಿಗುತ್ತದೆ.

ಪಸ್ರೂರಿನಲ್ಲಿ ಇಳಿದ ನ್ಯಾಟ್

ಬಲವಂತದ ಇಳಿತದ ಉದಾಹರಣೆ ಮೊದಲು ನೋಡೋಣ. 1965ರ ಸೆಪ್ಟೆಂಬರ್ 3ರಂದು ಸ್ಕ್ವಾಡ್ರನ್ ಲೀಡರ್ ಬ್ರಿಜ್ ಪಾಲ್ ಸಿಂಗ್ ಸಿಕಂದ್ ಅವರು ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನದಲ್ಲಿ ಹಾರುತ್ತಿದ್ದರು. ಈ ಬ್ರಿಟಿಷ್ ವಿನ್ಯಾಸದ ವಿಮಾನವನ್ನು ಪರವಾನಗಿ ಪಡೆದು ನಮ್ಮ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯೂ ತಯಾರಿಸುತ್ತಿತ್ತು. ಅಂದು ಆಕಾಶದಲ್ಲಿ ಕಾದಾಟ ನಡೆದ ಮೇಲೆ ಸಿಕಂದ್ ಅವರ ವಿಮಾನ ಪಾಕಿಸ್ತಾನದ ಪಸ್ರೂರ್ ಎಂಬಲ್ಲಿ, ಬಳಕೆಯಲ್ಲಿ ಇಲ್ಲದ ಒಂದು ರನ್‌ವೇ ಮೇಲೆ ಇಳಿಯಿತು. ಪೈಲಟ್ ಯುದ್ಧಕೈದಿಯಾದರು. ವಿಮಾನ ಇಂದಿಗೂ ಕರಾಚಿಯ ವಾಯುಪಡೆ ಸಂಗ್ರಹಾಲಯದಲ್ಲಿ ಇದೆ.

ಅದು ಯಾಕೆ ಇಳಿಯಿತು ಎಂಬುದಕ್ಕೆ ಎರಡು ದೇಶಗಳು ಎರಡು ಉತ್ತರ ಕೊಡುತ್ತವೆ. ತಮ್ಮ ಸ್ಟಾರ್‌ಫೈಟರ್ ವಿಮಾನ ಬೆನ್ನತ್ತಿ ಶರಣಾಗುವಂತೆ ಮಾಡಿತು ಎಂದು ಪಾಕಿಸ್ತಾನ ಹೇಳುತ್ತದೆ. ತಂಡದಿಂದ ಬೇರ್ಪಟ್ಟು, ಇಂಧನ ಕಡಿಮೆಯಾಗಿ, ಕಂಡ ರನ್‌ವೇ ಭಾರತದ್ದೇ ಎಂದು ತಿಳಿದು ಇಳಿದರು ಎಂದು ಭಾರತದ ಕಡೆಯ ಬರಹಗಳು ಹೇಳುತ್ತವೆ. ಎರಡೂ ಪುಸ್ತಕಗಳಲ್ಲಿ ನಮೂದು ಇದೆ, ವಿವರ ಮಾತ್ರ ತಾಳೆ ಆಗುವುದಿಲ್ಲ. ಆದರೂ ಆ ಮನೆಯವರಿಗೆ ಮುಖ್ಯವಾದ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಅವರು ಬದುಕಿದ್ದರು. ಯುದ್ಧ ಮುಗಿದ ಮೇಲೆ ಮರಳಿ ಬಂದರು, ಮುಂದೆ ವಾಯುಪಡೆಯಲ್ಲಿ ಉನ್ನತ ಹುದ್ದೆಗೆ ಏರಿದರು.

ದೇವಯ್ಯನವರ ವಿಷಯದಲ್ಲಿ ಅಷ್ಟು ಸಮಾಧಾನವೂ ಸಿಗಲಿಲ್ಲ.

ಸೆಪ್ಟೆಂಬರ್ 7ರ ಮುಂಜಾನೆ

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟ್ ನೆಲೆಯ ಮೇಲೆ ದಾಳಿ ಮಾಡಿ, ನೆಲದ ಮೇಲೆ ನಿಂತಿದ್ದ ನಮ್ಮ ಹಲವು ವಿಮಾನಗಳನ್ನು ನಾಶ ಮಾಡಿದ್ದವು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಪಾಕಿಸ್ತಾನದ ಮುಖ್ಯ ವಾಯುನೆಲೆಯಾದ ಸರ್ಗೋಧಾ ಮೇಲೆ ದಾಳಿ ಮಾಡಬೇಕೆಂದು ಭಾರತ ತೀರ್ಮಾನಿಸಿತು. ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ ಈ ಕೆಲಸ ಬಂತು. ಅದರ ಮುಖ್ಯಸ್ಥರು ವಿಂಗ್ ಕಮಾಂಡರ್ ಒ.ಪಿ. ತನೇಜಾ. 12 ವಿಮಾನಗಳು ಹೋಗಬೇಕು, ಯಾವುದಾದರೂ ಕೈಕೊಟ್ಟರೆ ಜಾಗ ತುಂಬಲು ಮೀಸಲು ಪೈಲಟ್‌ಗಳು ಸಿದ್ಧ ಇರಬೇಕು ಎಂದು ಗೊತ್ತುಮಾಡಿದರು.

ದೇವಯ್ಯನವರು ಆ ಮೀಸಲು ಪಟ್ಟಿಯಲ್ಲಿ ಇದ್ದರು. 1932ರ ಡಿಸೆಂಬರ್ 24ರಂದು ಹುಟ್ಟಿದ ಅವರು 1954ರಲ್ಲಿ ವಾಯುಪಡೆ ಸೇರಿದ್ದರು. ಯುದ್ಧ ಶುರುವಾದಾಗ ಅವರು ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಶಿಕ್ಷಕರು. ಅಂದು ಮುಂಜಾನೆ ತಂಡದ ಒಂದು ವಿಮಾನ ಹೊರಬಿದ್ದಾಗ ಆ ಜಾಗಕ್ಕೆ ದೇವಯ್ಯನವರು ಸೇರಿಕೊಂಡರು. ಹೋಗಲೇಬೇಕಾದವರ ಪಟ್ಟಿಯಲ್ಲಿ ಹೆಸರಿಲ್ಲದೆ ಹೋದವರು ಅವರು.

ಅವರು ಹಾರಿಸುತ್ತಿದ್ದದ್ದು ಫ್ರಾನ್ಸ್ ದೇಶದ ದಸೋ ಕಂಪನಿಯ ಮಿಸ್ಟಿಯರ್ ವಿಮಾನ. ಆಕಾಶದಲ್ಲಿ ಕಾದಾಡಲೂ ನೆಲದ ಮೇಲೆ ಬಾಂಬ್ ಮತ್ತು ರಾಕೆಟ್ ಹಾಕಲೂ ಬಳಸುವ ಒಬ್ಬರೇ ಕೂರುವ ವಿಮಾನ ಅದು. 30 ಮಿಲಿಮೀಟರಿನ ಎರಡು ತೋಪು ಅದಕ್ಕಿದ್ದವು. ಆದಂಪುರದಿಂದ ಸರ್ಗೋಧಾಕ್ಕೆ ನೇರ ದೂರ ಸುಮಾರು 300 ಕಿಲೋಮೀಟರ್. ನಮ್ಮ ಝಳಕಿಯಿಂದ ಹೈದರಾಬಾದಿಗೆ ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಮಿಸ್ಟಿಯರ್‌ಗೆ ಅದು ಅರ್ಧ ಗಂಟೆಯ ದಾರಿ. ಆದರೆ ರೇಡಾರ್ ಕಣ್ಣಿಗೆ ಬೀಳದಂತೆ ಮರಗಳ ಮೇಲೆಯೇ ಕೆಳಗೆ ಹಾರಬೇಕು. ಕೆಳಗೆ ಗಾಳಿ ದಟ್ಟವಾಗಿರುತ್ತದೆ, ಎಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ. ಹೋಗಿ ಬರುವಷ್ಟಕ್ಕೆ ಮಾತ್ರ ಇಂಧನ. ನಡುವೆ ನಿಂತು ಕಾದಾಡಿದರೆ ಮರಳಲು ಉಳಿಯುವುದಿಲ್ಲ. ಇನ್ನೂ ನಸುಗತ್ತಲು, ಜೊತೆಗೆ ರೇಡಿಯೋದಲ್ಲಿ ಮಾತಾಡುವಂತಿಲ್ಲ. ಪಕ್ಕದ ವಿಮಾನದವರಿಗೆ ಏನಾಯಿತು ಎಂದು ತಿಳಿಯುವುದು ಎಷ್ಟು ಕಷ್ಟ ಎಂಬುದು ಇದರಿಂದ ಅರ್ಥವಾಗುತ್ತದೆ.

ದಾಳಿ ಮಾಡಿ ತಂಡ ಮರಳುವಾಗ ದೇವಯ್ಯನವರ ಮಿಸ್ಟಿಯರ್ ಒಂದು ಪಾಕಿಸ್ತಾನಿ ವಿಮಾನದ ಕಣ್ಣಿಗೆ ಬಿತ್ತು. ಅದು ಅಮೆರಿಕ ಕೊಟ್ಟಿದ್ದ ಎಫ್-104 ಸ್ಟಾರ್‌ಫೈಟರ್. ಅದರ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಸ್ಟಾರ್‌ಫೈಟರ್ ಎತ್ತರದಲ್ಲಿ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದು. ಮಿಸ್ಟಿಯರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುವುದಿಲ್ಲ. ಓಡಿ ತಪ್ಪಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ.

ಅಮ್ಜದ್ ಮೊದಲು ಸೈಡ್‌ವೈಂಡರ್ ಕ್ಷಿಪಣಿ ಬಿಟ್ಟರು. ಅದು ಗುರಿ ತಪ್ಪಿತು. ಆಮೇಲೆ ಹತ್ತಿರ ಬಂದು ತೋಪಿನಿಂದ ಗುಂಡು ಹಾರಿಸಿದರು. ಗುಂಡು ಮಿಸ್ಟಿಯರ್‌ಗೆ ತಗುಲಿತು. ಅಷ್ಟಕ್ಕೆ ಕಥೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಪೆಟ್ಟು ತಿಂದ ವಿಮಾನದಲ್ಲಿ ದೇವಯ್ಯನವರು ತಿರುಗಿ ನಿಂತರು.

ಇಲ್ಲಿ ಯಂತ್ರದ ಗುಣವೊಂದನ್ನು ತಿಳಿದುಕೊಳ್ಳಬೇಕು. ಸ್ಟಾರ್‌ಫೈಟರ್‌ನ ರೆಕ್ಕೆ ಬಹಳ ಚಿಕ್ಕವು. ನೇರ ಹೋಗುವಾಗ ಅದೇ ಅದರ ವೇಗಕ್ಕೆ ಕಾರಣ, ತಿರುಗುವಾಗ ಅದೇ ಅದರ ಕೊರತೆ. ಹೆದ್ದಾರಿಯಲ್ಲಿ ಜೋರಾಗಿ ಬರುವ ಬಸ್ಸು ಝಳಕಿ ಕ್ರಾಸಿನಲ್ಲಿ ಒಮ್ಮೆಲೇ ತಿರುಗಲಾರದು, ಬೈಕು ತಿರುಗುತ್ತದೆ. ಹಾಗೆಯೇ ಕಡಿಮೆ ಎತ್ತರದಲ್ಲಿ, ಕಡಿಮೆ ವೇಗದಲ್ಲಿ ಸುತ್ತುವಾಗ ಹಳೆಯ ಮಿಸ್ಟಿಯರ್‌ಗೆ ಅನುಕೂಲ ಇತ್ತು. ಶಿಕ್ಷಕರಾಗಿದ್ದ ದೇವಯ್ಯನವರಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಅವರ ಗುಂಡು ಸ್ಟಾರ್‌ಫೈಟರ್‌ಗೆ ತಗುಲಿ ಅದು ಬಿತ್ತು. ಅಮ್ಜದ್ ಆಸನದಿಂದ ಜಿಗಿದು ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯನವರ ವಿಮಾನವೂ ಪಾಕಿಸ್ತಾನದ ನೆಲದಲ್ಲೇ ಬಿತ್ತು. ವಿಮಾನಕ್ಕೆ ಆದ ಪೆಟ್ಟು ಮತ್ತು ಉಳಿದಿದ್ದ ಇಂಧನ ನೋಡಿದರೆ ಅವರು ಆದಂಪುರಕ್ಕೆ ಮರಳುವುದು ಸಾಧ್ಯವಿರಲಿಲ್ಲ.

ಇದೆಲ್ಲವನ್ನೂ ಈಗ ನಾನು ಸುಲಭವಾಗಿ ಬರೆಯುತ್ತಿದ್ದೇನೆ. ಅಂದು ಆದಂಪುರದಲ್ಲಿ ಇದರಲ್ಲಿ ಒಂದು ಸಾಲೂ ಯಾರಿಗೂ ಗೊತ್ತಿರಲಿಲ್ಲ. ಹೊತ್ತು ಮೀರಿತು, ವಿಮಾನ ಬರಲಿಲ್ಲ. ದಾಖಲೆಯಲ್ಲಿ 'ನಾಪತ್ತೆ' ಎಂದು ಬರೆದರು.

'ನಾಪತ್ತೆ' ಎಂದರೆ ಏನು?

ನಮ್ಮ ಮನೆಯಲ್ಲಿ ಆಡುವ ಉರ್ದುವಿನಲ್ಲಿ ಇದಕ್ಕೆ 'ಲಾಪತಾ' ಎನ್ನುತ್ತೇವೆ. ಪತಾ ಎಂದರೆ ವಿಳಾಸ, ಸುಳಿವು. ಲಾ ಎಂದರೆ ಇಲ್ಲ. ಕನ್ನಡ ಪತ್ರಿಕೆಗಳಲ್ಲಿ ದಿನವೂ ಓದುವ 'ನಾಪತ್ತೆ' ಕೂಡ ಇದೇ 'ಪತ್ತೆ'ಯಿಂದ ಬಂದದ್ದು. ಸತ್ತರು ಎಂದಲ್ಲ, ಬದುಕಿದ್ದಾರೆ ಎಂದೂ ಅಲ್ಲ. ಸುಳಿವಿಲ್ಲ ಎಂದಷ್ಟೇ ಅರ್ಥ.

ಲೆಕ್ಕಶಾಸ್ತ್ರದಲ್ಲಿ ತಾಳೆಪಟ್ಟಿಯ ಎರಡು ಕಡೆ ಹೊಂದದಿದ್ದರೆ ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಕಾರಣ ಸಿಗುವವರೆಗೆ ಅದು ಅಲ್ಲೇ ಇರಬೇಕು. ಆ ಖಾತೆಯನ್ನು ಹಾಗೆಯೇ ಅಳಿಸುವಂತಿಲ್ಲ. ಮನುಷ್ಯರ ವಿಷಯದಲ್ಲಿ ನಾಪತ್ತೆ ಎಂಬುದು ಅಂಥದೇ ಖಾತೆ. ಆದರೆ ಇಲ್ಲಿ ತೂಗಾಡುವುದು ಮೊತ್ತ ಅಲ್ಲ, ಒಂದು ಮನೆ. ಹೆಂಡತಿ ತನ್ನನ್ನು ವಿಧವೆ ಎಂದುಕೊಳ್ಳಬೇಕೋ ಬೇಡವೋ, ಮಕ್ಕಳಿಗೆ ಏನು ಹೇಳಬೇಕು, ಕೊನೆಯ ಸಂಸ್ಕಾರ ಮಾಡಬೇಕೋ ಕಾಯಬೇಕೋ, ಇವೆಲ್ಲ ಉತ್ತರವಿಲ್ಲದ ಪ್ರಶ್ನೆಗಳು.

ಕಾನೂನು ಇದಕ್ಕೆ ಒಂದು ಮಿತಿ ಹಾಕಲು ನೋಡಿದೆ. ಒಬ್ಬರ ಸುದ್ದಿ ಸಹಜವಾಗಿ ಕೇಳಬೇಕಾದವರಿಗೆ 7 ವರ್ಷ ಕೇಳದಿದ್ದರೆ, ಅವರು ಬದುಕಿದ್ದಾರೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು ಎಂದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮ ಹೇಳಿತ್ತು. 2023ರ ಹೊಸ ಸಾಕ್ಷ್ಯ ಕಾನೂನು ಕೂಡ ಆ 7 ವರ್ಷವನ್ನು ಉಳಿಸಿಕೊಂಡಿದೆ. ಇಸ್ಲಾಮಿ ಫಿಕ್‌ಹಿನಲ್ಲಿ ಹೀಗೆ ಕಾಣೆಯಾದವರನ್ನು 'ಮಫ್ಕೂದ್' ಎಂದು ಕರೆದು ಪ್ರತ್ಯೇಕವಾಗಿ ಚರ್ಚಿಸಿದ್ದಾರೆ. ಹನಫಿ ಪಂಥದ ಹಳೆಯ ನಿಯಮದಂತೆ ಹೆಂಡತಿ ಬಹಳ ದೀರ್ಘಕಾಲ ಕಾಯಬೇಕಿತ್ತು. ಮಾಲಿಕಿ ಪಂಥ 4 ವರ್ಷ ಎನ್ನುತ್ತದೆ. ನಮ್ಮ ದೇಶದಲ್ಲಿ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಈ 4 ವರ್ಷವನ್ನೇ ಒಪ್ಪಿಕೊಂಡಿತು. ಗಂಡ 4 ವರ್ಷ ಎಲ್ಲಿದ್ದಾನೆಂದು ತಿಳಿಯದಿದ್ದರೆ ಹೆಂಡತಿ ನ್ಯಾಯಾಲಯಕ್ಕೆ ಹೋಗಬಹುದು. ಎಲ್ಲ ಕಾನೂನುಗಳೂ ಒಂದೇ ಮಾತನ್ನು ಒಪ್ಪುತ್ತವೆ. ಮನುಷ್ಯರನ್ನು ಕೊನೆಯಿಲ್ಲದೆ ಕಾಯಿಸಬಾರದು.

ವಾಯುಪಡೆ ಕೂಡ ಮುಂದೆ ದೇವಯ್ಯನವರು ತೀರಿಕೊಂಡಿದ್ದಾರೆ ಎಂದು ಘೋಷಿಸಿತು. ಆದರೆ ಅದು ಲೆಕ್ಕ ಮುಚ್ಚಿದ್ದು ಅಷ್ಟೇ, ಕಾರಣ ಸಿಕ್ಕಿದ್ದಲ್ಲ. ಪತ್ನಿ ಸುಂದರಿ ದೇವಯ್ಯ ಅವರಿಗೆ ಗಂಡ ಎಲ್ಲಿ, ಹೇಗೆ ತೀರಿಕೊಂಡರು ಎಂದು ಹೇಳಬಲ್ಲವರು ಇಲ್ಲಿ ಯಾರೂ ಇರಲಿಲ್ಲ.

ಅದೇ ವಾರದ ಇನ್ನೊಬ್ಬ ವೀರರನ್ನು ನೆನೆಯಿರಿ. ಹವಾಲ್ದಾರ್ ಅಬ್ದುಲ್ ಹಮೀದರ ಹೆಸರು ನಮ್ಮ ಕಾಲೇಜಿನಲ್ಲಿ ಗೊತ್ತಿಲ್ಲದವರು ಇಲ್ಲ. ಸೆಪ್ಟೆಂಬರ್ 10ರಂದು ಖೇಮ್‌ಕರಣ್ ಬಳಿ ಜೀಪಿನ ಮೇಲಿನ ತೋಪಿನಿಂದ ಶತ್ರು ಟ್ಯಾಂಕುಗಳನ್ನು ಒಡೆಯುತ್ತ ಪ್ರಾಣ ಕೊಟ್ಟವರು. ಅವರಿಗೆ ಪರಮವೀರ ಚಕ್ರ ಘೋಷಣೆ ಆದದ್ದು ಸೆಪ್ಟೆಂಬರ್ 16ರಂದು, ಒಂದೇ ವಾರದಲ್ಲಿ. ಅವರ ಜೊತೆಯವರು ಕಣ್ಣಾರೆ ನೋಡಿದ್ದರು, ಹೇಳಿದರು. ದೇವಯ್ಯನವರ ಶೌರ್ಯ ಕಡಿಮೆ ಇರಲಿಲ್ಲ, ಸಾಕ್ಷಿ ಇರಲಿಲ್ಲ. ಒಂದು ವಾರ ಮತ್ತು 23 ವರ್ಷದ ನಡುವಿನ ವ್ಯತ್ಯಾಸ ಅದು.

ಸಾಕ್ಷಿ ಇದ್ದದ್ದು ಗಡಿಯಾಚೆ

ನಿಜ ಹೇಳಬೇಕೆಂದರೆ ಸಾಕ್ಷಿ ಒಬ್ಬರು ಇದ್ದರು, ಅಮ್ಜದ್ ಹುಸೇನ್. ಇಲ್ಲಿ ಒಂದು ವಿಚಿತ್ರ ಸಂಗತಿ ಇದೆ. 1971ರ ಯುದ್ಧದಲ್ಲಿ ಅದೇ ಅಮ್ಜದ್ ಅಮೃತಸರದ ಮೇಲೆ ಹಾರುವಾಗ ನೆಲದಿಂದ ಹಾರಿಸಿದ ಗುಂಡಿಗೆ ವಿಮಾನ ಕಳೆದುಕೊಂಡು ಭಾರತದ ಯುದ್ಧಕೈದಿಯಾದರು. ಆಗಲೂ ದೇವಯ್ಯನವರ ಖಾತೆ ಮೊದಲಿನಂತೆಯೇ ಇತ್ತು.

1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕರ ಪುಸ್ತಕ ಹೊರಬಂತು. 1965ರ ವಾಯುಯುದ್ಧದ ಬಗ್ಗೆ ಪಾಕಿಸ್ತಾನದ ವಾಯುಪಡೆಯ ದಾಖಲೆಗಳ ಸಹಾಯದಿಂದ, ಅವರ ಪರವಾಗಿ ಬರೆದ ಪುಸ್ತಕ. ಸೆಪ್ಟೆಂಬರ್ 7ರ ಮುಂಜಾನೆ ಒಂದು ಸ್ಟಾರ್‌ಫೈಟರ್ ಮಿಸ್ಟಿಯರ್ ಜೊತೆಗಿನ ಕಾದಾಟದಲ್ಲಿ ಬಿತ್ತು, ಅದರ ಪೈಲಟ್ ಜಿಗಿದು ಪಾರಾದರು ಎಂಬ ವಿವರ ಅದರಲ್ಲಿ ಇತ್ತು. ಅದನ್ನು ಓದಿದ ಭಾರತದವರಿಗೆ ಬೆರಗಾಯಿತು. ಯಾಕೆಂದರೆ ನಮ್ಮ ಪುಸ್ತಕದಲ್ಲಿ ಅಂಥ ಜಯದ ನಮೂದೇ ಇರಲಿಲ್ಲ. ಮರಳಿ ಬಂದ ಮಿಸ್ಟಿಯರ್ ಪೈಲಟ್‌ಗಳಲ್ಲಿ ಯಾರೂ ನಾನು ಸ್ಟಾರ್‌ಫೈಟರ್ ಬೀಳಿಸಿದೆ ಎಂದು ಹೇಳಿರಲಿಲ್ಲ. ಹಾಗಾದರೆ ಬೀಳಿಸಿದವರು ಯಾರು? ಆ ಮುಂಜಾನೆಯ ದಾಳಿಗೆ ಹೋಗಿ ಮರಳದವರು ಒಬ್ಬರೇ.

ಇದು ನಾವು ಪ್ರಥಮ ಪಿಯುಸಿಯಲ್ಲಿ ಕಲಿಯುವ ಬ್ಯಾಂಕ್ ಹೊಂದಾಣಿಕೆ ತಖ್ತೆಯಂತೆಯೇ ಇದೆ. ನಗದು ಪುಸ್ತಕ ನಮ್ಮದು, ಪಾಸ್ ಪುಸ್ತಕ ಬ್ಯಾಂಕಿನದು. ಎರಡರ ಬಾಕಿ ಹೊಂದದಿದ್ದರೆ ಯಾರೋ ಕದ್ದರು ಎಂದು ಕೂಗುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದು ಯಾವುದು ಎಂದು ಹುಡುಕುತ್ತೇವೆ. ಪಾಕಿಸ್ತಾನದ ಪುಸ್ತಕದಲ್ಲಿ ಒಂದು ಸ್ಟಾರ್‌ಫೈಟರ್ ನಷ್ಟ ಇತ್ತು, ಕಾರಣ ಒಬ್ಬ ಹೆಸರಿಲ್ಲದ ಮಿಸ್ಟಿಯರ್ ಪೈಲಟ್. ಭಾರತದ ಪುಸ್ತಕದಲ್ಲಿ ಒಂದು ಮಿಸ್ಟಿಯರ್ ಮತ್ತು ಒಬ್ಬ ಪೈಲಟ್ ನಾಪತ್ತೆ, ಕಾರಣ ಖಾಲಿ. ಎರಡನ್ನೂ ಪಕ್ಕದಲ್ಲಿ ಇಟ್ಟಾಗ ಎರಡೂ ಪುಸ್ತಕ ತಾಳೆ ಆದವು.

ದಾಳಿಯ ಮುಖ್ಯಸ್ಥರಾಗಿದ್ದ ತನೇಜಾ ಅವರು ತಮ್ಮ ತಂಡದ ಪೈಲಟ್‌ಗೆ ಸಲ್ಲಬೇಕಾದ ಗೌರವಕ್ಕಾಗಿ ಪ್ರಯತ್ನ ಮಾಡಿದರು. ಕೊನೆಗೆ 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಸಿಕ್ಕಿತು. ಯುದ್ಧಕಾಲದ ಶೌರ್ಯಕ್ಕೆ ಕೊಡುವ ಪ್ರಶಸ್ತಿಗಳಲ್ಲಿ ಪರಮವೀರ ಚಕ್ರದ ನಂತರದ್ದು ಅದು. ಇಂದು ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ.

ಇನ್ನೊಂದು ವಿಷಯವೂ ಗಡಿಯಾಚೆಯಿಂದಲೇ ತಿಳಿದುಬಂತು. ದೇವಯ್ಯನವರ ದೇಹ ಒಂದು ಹಳ್ಳಿಯ ಹತ್ತಿರ ಹೊಲದಲ್ಲಿ ಸಿಕ್ಕಿತ್ತು, ಹಳ್ಳಿಯ ಜನ ಅದನ್ನು ಮಣ್ಣು ಮಾಡಿದ್ದರು. ಯುದ್ಧ ನಡೆಯುತ್ತಿದ್ದ ದಿನ, ತಮ್ಮ ಮೇಲೆ ಬಾಂಬ್ ಹಾಕಲು ಬಂದ ದೇಶದ ಪೈಲಟ್ ಎಂದು ಗೊತ್ತಿದ್ದೂ ಆ ರೈತರು ಶವವನ್ನು ಬಿಸಿಲಿಗೆ ಬಿಡಲಿಲ್ಲ. ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಸುದ್ದಿ ತಕ್ಷಣ ಬಂದ ಇನ್ನೊಂದು ಕೊಡಗಿನ ಮನೆ

ಅದೇ ತಿಂಗಳು ಕೊಡಗಿನ ಇನ್ನೊಬ್ಬ ಪೈಲಟ್ ಕೂಡ ಮರಳಲಿಲ್ಲ. ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಕೆಲವೇ ಗಂಟೆ ಇದ್ದಾಗ, ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ನಂದಾ ಕಾರ್ಯಪ್ಪ ಅವರ ಹಂಟರ್ ವಿಮಾನಕ್ಕೆ ನೆಲದಿಂದ ಗುಂಡು ತಗುಲಿತು. ಅವರು ಜಿಗಿದರು, ಯುದ್ಧಕೈದಿಯಾದರು. ಅವರ ತಂದೆ ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕೆ.ಎಂ. ಕಾರ್ಯಪ್ಪ. ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ದೇಶ ವಿಭಜನೆಗೆ ಮೊದಲು ಇದೇ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು.

ಸುದ್ದಿ ತಕ್ಷಣ ಬಂತು. ಪಾಕಿಸ್ತಾನದ ರೇಡಿಯೋ ಹೇಳಿತು. ಮಗನನ್ನು ಬಿಡುಗಡೆ ಮಾಡುತ್ತೇವೆ ಎಂಬ ಸೂಚನೆಯೂ ಅಯೂಬ್ ಖಾನರಿಂದ ಬಂತು. ಕಾರ್ಯಪ್ಪನವರು ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಭಾರತೀಯ ಸೈನಿಕರೂ ತಮಗೆ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಬೇಕು, ಒಬ್ಬನಿಗೆ ವಿಶೇಷ ಸೌಲಭ್ಯ ಬೇಡ ಎಂಬುದು ಅವರ ನಿಲುವು. ಅಯೂಬ್ ಖಾನರ ಬೇಗಂ ಮತ್ತು ಮಗ ಆಸ್ಪತ್ರೆಗೆ ಹೋಗಿ ಕೈದಿಯನ್ನು ನೋಡಿ, ಓದಲು ಒಂದು ಕಾದಂಬರಿ ಕೊಟ್ಟು ಬಂದರು. ನಂದಾ ಕಾರ್ಯಪ್ಪ ಅವರು 1966ರ ಜನವರಿಯಲ್ಲಿ ಉಳಿದ ಕೈದಿಗಳ ಜೊತೆ ಮರಳಿದರು, ಮುಂದೆ ಏರ್ ಮಾರ್ಷಲ್ ಆದರು.

ಎಲ್ಲರ ತಂದೆಯೂ ಕಾರ್ಯಪ್ಪ ಆಗಿರುವುದಿಲ್ಲ. ಅದಕ್ಕಾಗಿಯೇ ಜಗತ್ತು ನಿಯಮಗಳನ್ನು ಮಾಡಿಕೊಂಡಿದೆ. 1949ರ ಜಿನೀವಾ ಒಪ್ಪಂದಗಳಿಗೆ ಭಾರತ, ಪಾಕಿಸ್ತಾನ ಎರಡೂ ಸಹಿ ಹಾಕಿವೆ. ಅವುಗಳ ಪ್ರಕಾರ ಯುದ್ಧಕೈದಿ ತನ್ನ ಹೆಸರು, ಹುದ್ದೆ, ಹುಟ್ಟಿದ ದಿನ, ಸೇನಾ ಸಂಖ್ಯೆ ಇಷ್ಟು ಹೇಳಿದರೆ ಸಾಕು. ಶಿಬಿರ ತಲುಪಿದ ಒಂದು ವಾರದೊಳಗೆ ಮನೆಗೆ ಕಾರ್ಡು ಬರೆಯಲು ಅವಕಾಶ ಕೊಡಬೇಕು. ಪ್ರತಿ ದೇಶವೂ ಕೈದಿಗಳ ಮಾಹಿತಿ ಕಚೇರಿ ತೆರೆಯಬೇಕು. ಶತ್ರುವಿನ ಶವ ಸಿಕ್ಕರೂ ಗುರುತು ದಾಖಲಿಸಬೇಕು, ಗೌರವದಿಂದ, ಸಾಧ್ಯವಾದರೆ ಆತನ ಧರ್ಮದ ಪದ್ಧತಿಯಂತೆ ಸಂಸ್ಕಾರ ಮಾಡಬೇಕು, ಸಮಾಧಿ ಎಲ್ಲಿದೆ ಎಂದು ತಿಳಿಸಬೇಕು. ಯುದ್ಧದಲ್ಲಿಯೂ ಲೆಕ್ಕ ಬರೆಯಬೇಕು ಎಂಬುದೇ ಈ ನಿಯಮಗಳ ಒಟ್ಟು ಸಾರ. ದೇವಯ್ಯನವರ ವಿಷಯದಲ್ಲಿ ಹಳ್ಳಿಯವರು ತಮ್ಮ ಪಾಲಿನ ಕೆಲಸ ಮಾಡಿದರು. ಆ ಸುದ್ದಿ ಮಾತ್ರ ಗಡಿ ದಾಟಲು ವರ್ಷಗಳೇ ಬೇಕಾದವು.

ಇನ್ನೂ ತೆರೆದಿರುವ ಖಾತೆಗಳು

ಕುರಾನಿನ ಅತಿ ದೊಡ್ಡ ಆಯತ್ ಯಾವುದರ ಬಗ್ಗೆ ಇದೆ ಗೊತ್ತೆ? ಯುದ್ಧದ ಬಗ್ಗೆ ಅಲ್ಲ, ನಮಾಜಿನ ಬಗ್ಗೆಯೂ ಅಲ್ಲ. ಸೂರಾ ಬಕರಾದ ಆ ಆಯತ್ ಇರುವುದು ಸಾಲದ ವ್ಯವಹಾರವನ್ನು ಬರೆದಿಡುವುದು, ಸಾಕ್ಷಿ ಇಟ್ಟುಕೊಳ್ಳುವುದು, ಬರೆಯುವವರು ನ್ಯಾಯವಾಗಿ ಬರೆಯುವುದು ಇವುಗಳ ಬಗ್ಗೆ. ಹಣದ ಲೆಕ್ಕಕ್ಕೇ ಇಷ್ಟು ಮಹತ್ವ ಇದ್ದರೆ ಮನುಷ್ಯರ ಲೆಕ್ಕಕ್ಕೆ ಎಷ್ಟಿರಬೇಕು?

1965 ಮತ್ತು 1971ರ ಯುದ್ಧಗಳ ನಂತರ ಮನೆಗೆ ಬಾರದ ಭಾರತೀಯ ಸೈನಿಕರಲ್ಲಿ 54 ಮಂದಿಯ ಪಟ್ಟಿಯೊಂದು ಇಂದಿಗೂ ಸರ್ಕಾರದ ಬಳಿ ಇದೆ. ಅವರು ಪಾಕಿಸ್ತಾನದ ಸೆರೆಯಲ್ಲಿ ಇದ್ದಾರೆಂದು ಭಾರತ ಹೇಳುತ್ತ ಬಂದಿದೆ, ಪಾಕಿಸ್ತಾನ ಒಪ್ಪಿಲ್ಲ. ಅವರಲ್ಲಿ ವಾಯುಪಡೆಯ ಪೈಲಟ್‌ಗಳೂ ಇದ್ದಾರೆ. ಆ ಮನೆಗಳಲ್ಲಿ ಕಾದ ತಂದೆ-ತಾಯಿಯರು ಬಹುತೇಕ ತೀರಿಹೋಗಿದ್ದಾರೆ, ಮಕ್ಕಳಿಗೆ ವಯಸ್ಸಾಗಿದೆ.

2008ರ ಒಪ್ಪಂದದಂತೆ ಭಾರತ ಮತ್ತು ಪಾಕಿಸ್ತಾನ ಪ್ರತಿ ವರ್ಷ ಜನವರಿ 1 ಮತ್ತು ಜುಲೈ 1ರಂದು ತಮ್ಮ ಜೈಲುಗಳಲ್ಲಿರುವ ಇನ್ನೊಂದು ದೇಶದ ನಾಗರಿಕ ಕೈದಿಗಳ ಮತ್ತು ಮೀನುಗಾರರ ಪಟ್ಟಿಯನ್ನು ಪರಸ್ಪರ ಕೊಡುತ್ತವೆ. ಸಂಬಂಧ ಎಷ್ಟೇ ಕೆಟ್ಟಿದ್ದರೂ ಈ ಕಾಗದ ಕೈ ಬದಲಾಗುತ್ತದೆ. ಪತ್ರಿಕೆಯಲ್ಲಿ ಒಳಪುಟದಲ್ಲಿ, ನಾಲ್ಕೇ ಸಾಲಿನಲ್ಲಿ ಈ ಸುದ್ದಿ ಬರುತ್ತದೆ. ಈ ಸಲ ಕಂಡರೆ ಓದಿ. ಹಳೆಯ ಯುದ್ಧಗಳ ದಾಖಲೆಗಳನ್ನೂ ಎರಡು ದೇಶಗಳು ಹೀಗೆ ಪಕ್ಕಪಕ್ಕ ಇಟ್ಟು ನೋಡಿದರೆ, ನಾಪತ್ತೆ ಎಂದು ಬರೆದಿರುವ ಇನ್ನೂ ಕೆಲವು ಹೆಸರುಗಳ ಮುಂದಿನ ಖಾಲಿ ಜಾಗ ತುಂಬಬಹುದು. ದೇವಯ್ಯನವರ ಹೆಸರಿನ ಮುಂದೆ ಅದು ತುಂಬಿತು. ಪ್ರವಾಸಕ್ಕೆ ಮಡಿಕೇರಿಗೆ ಹೋದವರು ರಾಜಾಸೀಟ್ ನೋಡಿ ಬರುವ ಮೊದಲು ಅವರ ಪ್ರತಿಮೆಯ ಮುಂದೆ ಎರಡು ನಿಮಿಷ ನಿಂತು ಬನ್ನಿ.